ಹಿಂಬದಿಗೂ ಒಂದು ಕೋಟು



ಊರಿನ ರೈಲನ್ನು ಮನೆಯೊಳಗೆ ತಂದು ಓಡಿಸುವ ಹುಚ್ಚು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಈ ಬರಹ ಅವರಿಗಾಗಿ. ಇಲ್ಲದವರೂ ಓದಬಹುದು, ಪ್ಲೈವುಡ್ ಅಂಗಡಿಗೆ ಒಂದಲ್ಲ ಒಂದು ದಿನ ಎಲ್ಲರೂ ಹೋಗಲೇಬೇಕು.

ನನ್ನ ಅಪ್ಪ ಸಕಲೇಶಪುರದ ಕಡೆಯವರು, ಅಮ್ಮ ಮಂಗಳೂರಿನವರು. ನಾನು ಬೆಳೆದದ್ದು ನಿಮ್ಮ ಹಾಗೆಯೇ ಇಲ್ಲಿ, ಡೊಂಬಿವಲಿಯಲ್ಲಿ. ಮೇ ರಜೆ ಬಂತೆಂದರೆ ಬಸ್ಸು ಹಿಡಿದು ಮಂಗಳೂರಿನ ಅಜ್ಜಿಯ ಮನೆ. ಅಲ್ಲಿಂದ ಮೀಟರ್ ಗೇಜ್ ರೈಲಿನಲ್ಲಿ ಘಟ್ಟ ಹತ್ತಿ ಅಪ್ಪನ ಊರು. ಆ ದಾರಿ 1979ರಲ್ಲಿ ಶುರುವಾದದ್ದು. ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿದರು. ಈಗ ಓಡುವುದು ಬ್ರಾಡ್ ಗೇಜ್. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ., 57 ಸುರಂಗಗಳು. ಎಣಿಸುತ್ತ ಕೂತ ನಾನು ಪ್ರತಿ ಸಲವೂ ಮೂವತ್ತರ ಹತ್ತಿರ ಲೆಕ್ಕ ತಪ್ಪುತ್ತಿದ್ದೆ. ಅಪ್ಪ ತಪ್ಪುತ್ತಿರಲಿಲ್ಲ.

ಅಪ್ಪ ನಿವೃತ್ತರಾದ ಮೇಲೆ, 2002ರಲ್ಲಿ, ಆ ಹಳೆಯ ದಾರಿಯನ್ನು ಹಾಲಿನ ಗೋಡೆಗೆ ತರಲು ಹೊರಟೆವು. 87ರಲ್ಲಿ ಒಂದಂಶದ ಮಾದರಿ. ಮೀಟರ್ ಗೇಜಿಗೆ ಇದರಲ್ಲಿ 12 ಮಿ.ಮೀ. ಹಳಿ. ಲೆಕ್ಕ ಹಾಕಿದರೆ 55 ಕಿ.ಮೀ. ಎಂದರೆ 630 ಮೀಟರ್ ಆಗುತ್ತದೆ. ನಮ್ಮಲ್ಲಿದ್ದದ್ದು 8 ಅಡಿ ಉದ್ದ, 2 ಅಡಿ ಅಗಲದ ಹಲಗೆ! ಘಟ್ಟದ ಏರು 50ಕ್ಕೆ 1. ಎಂಟು ಅಡಿಗೆ ಎರಡು ಅಂಗುಲ ಕೂಡ ಪೂರ್ತಿ ಬರುವುದಿಲ್ಲ. ಒಂದು ಸುರಂಗ, ಒಂದು ಸೇತುವೆ ಹಿಡಿಸಿತು. ಹಳಿಯ ಮೇಲೆ ಜಾಗ ಸಿಗದ ಊರುಗಳನ್ನೆಲ್ಲ ಅಪ್ಪ ಮುಂದಿನ ಪಟ್ಟಿಯ ಮೇಲೆ ಹಳದಿ ಬಣ್ಣದಲ್ಲಿ ಬರೆದರು: ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲ್.

ಆ ಪಟ್ಟಿಯ ವಿಷಯವನ್ನೇ ಹೇಳಬೇಕೆಂದು ಕೂತಿದ್ದೇನೆ. ಇದಕ್ಕೆ ಹವ್ಯಾಸಿಗಳು ಫೇಸಿಯಾ ಎನ್ನುತ್ತಾರೆ. ಕೆಳಗಿನ ಮರದ ಚೌಕಟ್ಟು, ತಂತಿಗಳ ಗೋಜಲು ಕಾಣದಂತೆ ಮುಂದೆ ಹೊಡೆಯುವ ಹಲಗೆ ಅದು. ಅದರ ಮೇಲಂಚನ್ನು ಗುಡ್ಡದ ಏರಿಳಿತಕ್ಕೆ ಸರಿಯಾಗಿ ಕತ್ತರಿಸಬೇಕು. ಹೊಳೆಯದ ಕಡುಬಣ್ಣ ಬಳಿದರೆ ನೋಡುವವರ ಕಣ್ಣು ರೈಲಿನ ಮೇಲೆ ನಿಲ್ಲುತ್ತದೆ. ಹೊಳೆಯುವ ಸನ್‌ಮೈಕಾ ಅಂಟಿಸಿದರೆ ಟ್ಯೂಬ್‌ಲೈಟೇ ಕಾಣಿಸುತ್ತದೆ. (ನನ್ನ ಭಾವನವರು ಅದನ್ನೇ ಸೂಚಿಸಿದ್ದರು. ಅವರ ಮನೆಯಲ್ಲಿ ಎಲ್ಲದಕ್ಕೂ ಸನ್‌ಮೈಕಾ.)

ನಾವು ಆಗ ತಂದದ್ದು 3 ಮಿ.ಮೀ. ಹಾರ್ಡ್‌ಬೋರ್ಡ್. ಅಗ್ಗ, ಒಂದು ಮೈ ನುಣುಪು, ತಿರುವಿನಲ್ಲಿ ಹೇಳಿದಂತೆ ಬಾಗುತ್ತದೆ. ಅಪ್ಪ ಮುಂಭಾಗಕ್ಕೆ ಕಡುಹಸಿರು ಬಳಿದು, ಹಿಂಬದಿಗೂ ಅಂಚಿಗೂ ಒಂದೊಂದು ಕೋಟು ಕೊಡು ಎಂದು ನನಗೆ ಹೇಳಿದರು. "ಗೋಡೆ ಕಡೆ ಯಾರು ನೋಡ್ತಾರಪ್ಪ?" ಎಂದೆ ನಾನು. ಬಣ್ಣದ ಡಬ್ಬಿ ಮುಚ್ಚಿಟ್ಟೆ.

ಇಲ್ಲಿನ ಮಳೆಗಾಲ ನಿಮಗೆ ಗೊತ್ತು. ಬಣ್ಣವಿಲ್ಲದ ಹಿಂಬದಿ ವರ್ಷ ವರ್ಷವೂ ತೇವ ಹೀರಿತು. ಕತ್ತರಿಸಿದ ಅಂಚು ನೆನೆದ ಬಿಸ್ಕತ್ತಿನಂತೆ ಊದಿತು, ಮುಂದಿನ ಬಣ್ಣ ಅಲ್ಲಲ್ಲಿ ಗುಳ್ಳೆಯೆದ್ದು ಉದುರಿತು. ಅಪ್ಪ 2011ರಲ್ಲಿ ತೀರಿಕೊಂಡರು. ಅವರ ಅಕ್ಷರವಿದೆಯೆಂದು ಆ ಹಲಗೆಯನ್ನು ತೆಗೆಯಲು ಮನಸ್ಸು ಬರದೆ ಇಷ್ಟು ದಿನ ಕಳೆದೆ. ಹೋದ ಮಳೆಗಾಲದಲ್ಲಿ ಸ್ಕ್ರೂಗಳೇ ಕಿತ್ತು ಬಂದವು.

ಮತ್ತೆ ಅಂಗಡಿಗೆ ಹೋದೆ. ಎಂಡಿಎಫ್ ಅಂಚು ನಯವಾಗಿ ಕತ್ತರಿಸಲು ಬರುತ್ತದೆ, ಆದರೆ ನೀರು ಕಂಡರೆ ಅದೂ ಹಾರ್ಡ್‌ಬೋರ್ಡಿನ ಅಣ್ಣನೇ. ಗರಗಸ ಹಾಕಿದರೆ ಏಳುವ ಪುಡಿಗೆ ಮೂಗು ಕಟ್ಟಿಕೊಳ್ಳಬೇಕು. ಪಿವಿಸಿ ಫೋಮ್ ಶೀಟು ನೀರಿಗೆ ಜಗ್ಗುವುದಿಲ್ಲ. ಮುಟ್ಟಿದರೆ ಪ್ಲಾಸ್ಟಿಕ್, ಉಗುರು ತಾಗಿದರೆ ಗುರುತು. ಕೊನೆಗೆ 4 ಮಿ.ಮೀ. ಮರೈನ್ ಪ್ಲೈ ಆರಿಸಿದೆ. ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿಕೊಳ್ಳಿ. 303 ಎಂದಿದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ. ತೆಳು ಪ್ಲೈ ಒಂದು ದಿಕ್ಕಿಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಹಟ ಮಾಡುತ್ತದೆ. ಕತ್ತರಿಸುವ ಮುನ್ನ ಅಂಗಡಿಯಲ್ಲೇ ಬಾಗಿಸಿ ನೋಡಿ. ಅಂಗಡಿಯವರು ಬೈದರೆ ಬೈಯಲಿ. ಸ್ಕ್ರೂವಿನ ತೂತು ಕೂದಲೆಳೆಯಷ್ಟು ದೊಡ್ಡದಿರಲಿ, ಹಲಗೆ ಹಿಗ್ಗಲು ಕುಗ್ಗಲು ಜಾಗ ಬೇಕು.

ಅಕ್ಷರಗಳದ್ದೇ ಪ್ರಶ್ನೆ ಉಳಿಯಿತು. ಹಳೆಯ ಹಲಗೆಯಿಂದ ಹೆಸರುಗಳ ತುಂಡನ್ನು ಕತ್ತರಿಸಿ ಹೊಸದರಲ್ಲಿ ಕೂರಿಸೋಣವೆಂದು ನೋಡಿದೆ. ಬ್ಲೇಡು ತಾಗಿದಲ್ಲೆಲ್ಲ ಪದರ ಪದರವಾಗಿ ಬಿಚ್ಚಿಕೊಂಡಿತು. ಆಗ ಮಗಳು ಬಟರ್ ಪೇಪರ್ ತಂದಳು. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಓದಲು ಬಾರದು, ನಾನು ಕಲಿಸಲಿಲ್ಲ. ಅಜ್ಜನ ಅಕ್ಷರಗಳನ್ನು ಚಿತ್ರ ಬಿಡಿಸಿದಂತೆ ಒಂದೊಂದಾಗಿ ತೆಗೆದುಕೊಂಡಳು. ಹೊಸ ಹಲಗೆಗೆ ಇಳಿಸಿ ಹಳದಿ ತುಂಬಿದ ಮೇಲೆ ನೋಡುತ್ತೇನೆ, ಸಿರಿಬಾಗಿಲು ಆದ ಮೇಲೆ ಒಂದು ಸೊನ್ನೆ! ಬಣ್ಣ ಉದುರಿದ ಗುಳ್ಳೆಯ ಗುರುತನ್ನೂ ಅಕ್ಷರವೆಂದೇ ಬರೆದುಬಿಟ್ಟಿದ್ದಳು.

"ಪಪ್ಪಾ, ಇದನ್ನ ಏನಂತ ಓದೋದು?" ಎಂದಳು. ಹೇಗೆ ಬಂತೆಂದು ಹೇಳಿದೆ. ನಾನು ಬಳಿಯದ ಕೋಟಿನ ವಿಷಯವನ್ನೂ ಹೇಳಬೇಕಾಯಿತು. ಅಳಿಸಲೇ ಎಂದು ಕೇಳಿದಳು, ಬೇಡವೆಂದೆ.

ಹಲಗೆ ಇನ್ನೂ ಗೋಡೆಗೊರಗಿ ನಿಂತಿದೆ. ಹಿಂಬದಿಗೆ ಒಂದು ಕೋಟು ಆಗಿದೆ. ಎರಡನೆಯದು ಈ ಭಾನುವಾರ, ಮಳೆ ಹಿಡಿಯುವ ಮೊದಲು.