ನಮ್ಮಪ್ಪ ಬೆಟ್ಟ ಏಳ್ಲಿಲ್ಲ

ನಿಜ ಹೇಳಿಬಿಡ್ತೀನಿ. ನಾನು ಅಲ್ಲಿಗೆ ಹೋಗಿದ್ದು ಆಕ್ಟಿವಿಟಿ ಪಾಯಿಂಟ್ಸ್‌ಗಾಗಿ. ಡಿಗ್ರಿ ಮುಗಿಯುವುದರೊಳಗೆ ವಿಟಿಯು ಕೇಳುವ 100 ಪಾಯಿಂಟ್ಸ್ ಇವೆಯಲ್ಲ, ಐದನೇ ಸೆಮ್ ಬಂದರೂ ನನ್ನ ಫೈಲಿನಲ್ಲಿ ಇದ್ದದ್ದು ಎರಡೇ ಫೋಟೊ. ಒಂದರಲ್ಲಿ ಗಿಡ ನೆಡ್ತಾ ಇದ್ದೀನಿ, ಇನ್ನೊಂದರಲ್ಲಿ ಕೆರೆ ಸ್ವಚ್ಛ ಮಾಡ್ತಾ ಇದ್ದೀನಿ. ಕೆರೆಯ ಫೋಟೊದಲ್ಲಿ ನನ್ನ ಕೈಲಿ ಪೊರಕೆ ಇದೆ. ಕೆರೆಗೆ ಪೊರಕೆ ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮನೆ ಕಡಕೊಳದಲ್ಲಿ. ಮೈಸೂರಿಂದ ನಂಜನಗೂಡು ರಸ್ತೆ ಹಿಡಿದರೆ ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುತ್ತೆ. ಫ್ಯಾಕ್ಟರಿ, ಲಾರಿ, ಧೂಳು, ಒಂದು ಪುಟ್ಟ ರೈಲ್ವೆ ಸ್ಟೇಷನ್. ಕಾಲೇಜಿನಲ್ಲಿ ಯಾರಾದರೂ ಊರು ಕೇಳಿದರೆ "ಮೈಸೂರು" ಅಂತಲೇ ಹೇಳೋದು ನನ್ನ ರೂಢಿ. ಅಂಥ ಊರಲ್ಲಿ ಭಾನುವಾರ ಬೆಳಿಗ್ಗೆ ಕೆಲವರು ಸೇರಿ ಕತೆ, ಕವಿತೆ ಬರೀತಾರೆ ಅಂತ ಗೊತ್ತಾಗಿದ್ದೇ ಪಕ್ಕದ ಮನೆ ಆಂಟಿಯಿಂದ. "ಬರೆಯೋಕೆ ಆಗದವರಿಗೆ ಬರೆದುಕೊಡೋ ಹುಡುಗರು ಬೇಕಂತೆ ಕಣೋ. ನೀನು ಸುಮ್ನೆ ಮೊಬೈಲ್ ಒತ್ಕೊಂಡು ಕೂತಿರ್ತೀಯ, ಹೋಗು" ಅಂದರು. ಮನೆಗೆ ಹತ್ತು ನಿಮಿಷದ ನಡಿಗೆ. ಪಾಯಿಂಟ್ಸೂ ಸಿಗುತ್ತೆ. ಹೋದೆ.

ಆ ಗುಂಪಿಗೆ ಬೋರ್ಡಿಲ್ಲ, ಬ್ಯಾನರಿಲ್ಲ. ಹೆಸರು ಹಾಕಬೇಡಪ್ಪ ಅಂತ ಅವರೇ ಹೇಳಿರೋದರಿಂದ ಇಲ್ಲೂ ಹಾಕ್ತಿಲ್ಲ. ಒಂದು ಕೋಣೆ, ಒಂದು ಜಮಖಾನ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬರುವವರು ಎಂಟೋ ಹತ್ತೋ ಜನ. ಗಾಲಿಕುರ್ಚಿಯಲ್ಲಿ ಬರುವ ಒಬ್ಬರು ನಿವೃತ್ತ ಗುಮಾಸ್ತರು, ಕಿವಿ ಕೇಳದ ಒಬ್ಬ ಹುಡುಗ, ಅಕ್ಷರವೇ ಕಲಿಯದ ಇಬ್ಬರು ಅಜ್ಜಿಯರು, ಮಾತಾಡುವಾಗ ತೊದಲುವ ನಮ್ಮದೇ ವಯಸ್ಸಿನ ಒಬ್ಬಳು ಹುಡುಗಿ. ಮತ್ತೆ ಅಕ್ಕ. ಅಕ್ಕನಿಗೆ ಮೂವತ್ತೈದರ ಹತ್ತಿರ ಇರಬಹುದು. ನಂಜನಗೂಡು ಕಡೆಯ ಹಳ್ಳಿಯವರು, ಹುಟ್ಟಿನಿಂದಲೇ ಕಣ್ಣು ಕಾಣಲ್ಲ. ನನ್ನನ್ನು ಅವರ ಪಕ್ಕದಲ್ಲಿ ಕೂರಿಸಿ, "ಇವರು ಹೇಳ್ತಾರೆ, ನೀನು ಬರಿ" ಅಂದರು.

ಇದರಲ್ಲಿ ನನಗೆ ಅನುಭವ ಇದೆ ಅಂತಲೇ ನಾನು ಅಂದುಕೊಂಡಿದ್ದೆ. ಪಿಯುಸಿಯಲ್ಲಿದ್ದಾಗ ಡಿಗ್ರಿ ಓದುತ್ತಿದ್ದ ಒಬ್ಬ ಅಂಧ ಅಣ್ಣನಿಗೆ ಪರೀಕ್ಷೆ ಬರೆದುಕೊಟ್ಟಿದ್ದೆ. ಅದಕ್ಕೆ ನಿಯಮಗಳಿವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ, ಅಭ್ಯರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಆ ಸ್ಕ್ರೈಬ್‌ನ ಓದು ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು, ಅಂದರೆ ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಆ ಅಣ್ಣ ಅವತ್ತು ನಾಲ್ಕನೇ ಮೈಸೂರು ಯುದ್ಧ 1789ರಲ್ಲಿ ಅಂದ. 1799 ಅಂತ ನನ್ನ ನಾಲಿಗೆ ತುದಿಯಲ್ಲಿತ್ತು. ಕೈ ನಡುಗಿತು. ಆದರೂ 1789 ಅಂತಲೇ ಬರೆದೆ. ಅದು ಅವನ ಉತ್ತರ, ನನ್ನದಲ್ಲ.

ಅಷ್ಟು ಶಿಸ್ತಿನ ಮನುಷ್ಯ ನಾನು. ಆದರೆ ಅಕ್ಕನ ಕತೆ ಬರೆಯುವಾಗ ಆ ಶಿಸ್ತು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಕ್ಕ ಹೇಳಿದ್ದು ಅವರಪ್ಪನ ಕತೆ. ಅಕ್ಕ ಚಿಕ್ಕವರಿದ್ದಾಗ ಮೈಸೂರಿನ ಅಂಧ ಮಕ್ಕಳ ಹಾಸ್ಟೆಲಿನಲ್ಲಿದ್ದು ಓದಿದವರು. ರಜೆ ಮುಗಿದ ಮೇಲೆ ಅಪ್ಪ ನಂಜನಗೂಡಿನಲ್ಲಿ ರೈಲು ಹತ್ತಿಸಿಕೊಂಡು ಬಿಡೋಕೆ ಬರ್ತಿದ್ದರಂತೆ. ಆಗಿನ್ನೂ ಮೀಟರ್ ಗೇಜ್ ಗಾಡಿ. ನಂಜನಗೂಡು ಬಿಟ್ಟಾಗ ಶುರುವಾದ ಅಳು ತಾಂಡವಪುರ ದಾಟುವಾಗ ಜೋರಾಗಿ, ಕಡಕೊಳ ಬರುವಷ್ಟರಲ್ಲಿ ಡಬ್ಬಿಯೆಲ್ಲ ತಿರುಗಿ ನೋಡುವಂತೆ ಆಗ್ತಿತ್ತಂತೆ. ಆಗ ಅಪ್ಪ, "ಅಳಬ್ಯಾಡ ಕಣವ್ವ, ಟೇಸನ್ನಲ್ಲಿ ಆನೆ ನಿಂತದ. ಅಳೋ ಸದ್ದು ಕೇಳ್ದ್ರೆ ಬಂದುಬುಡ್ತದ. ನೋಡು ನೋಡು, ಕಿವಿ ಆಡಿಸ್ತಾ ಅದ" ಅನ್ನೋರಂತೆ. ಅಕ್ಕ ಉಸಿರು ಬಿಗಿಹಿಡಿದು ಆ ಕಿವಿಯ ಸದ್ದಿಗೆ ಕಾಯ್ತಿದ್ದರಂತೆ. ಪ್ರತೀ ಸಲ ಕಡಕೊಳ ಸ್ಟೇಷನ್ನಲ್ಲಿ ಅದೇ ಆನೆ.

ನಾನು ಎಲ್ಲ ಬರೆದುಕೊಂಡೆ. ಲ್ಯಾಬಲ್ಲಿ ಬಿಡುವಿದ್ದಾಗ ಟೈಪ್ ಮಾಡಿದೆ. ಟೈಪ್ ಮಾಡ್ತಾ ಮಾಡ್ತಾ ನನ್ನೊಳಗಿನ ಸಾಹಿತಿ ಎದ್ದು ಕೂತ. ಕಡಕೊಳದಲ್ಲಿ ಆನೆ ಎಲ್ಲಿಂದ ಬರಬೇಕು? ಓದುವವರು ನಗಲ್ವಾ? ಅದಕ್ಕೇ "ದೂರದಲ್ಲಿ ಹಸಿರು ಹೊದ್ದು ಆನೆಯಂತೆ ಮಲಗಿದ್ದ ಚಾಮುಂಡಿ ಬೆಟ್ಟವನ್ನು ತೋರಿಸಿ ಅಪ್ಪ ನನ್ನನ್ನು ಸಮಾಧಾನಪಡಿಸುತ್ತಿದ್ದರು" ಅಂತ ಮಾಡಿದೆ. ಬೆಟ್ಟದ ನೆತ್ತಿ ಮೇಲೆ ಬೆಳ್ಳನೆಯ ಮೋಡವನ್ನೂ ಇಟ್ಟೆ. ಅಪ್ಪನ ಮಾತನ್ನೆಲ್ಲ ಗ್ರಾಂಥಿಕ ಮಾಡಿದೆ. ಕೊನೆಯಲ್ಲಿ ಅವ್ವ ಹಾಸ್ಟೆಲಿಗೆ ಬಂದು ಹೇಳುವ ಮಾತೊಂದಿತ್ತು, "ನಿಮ್ಮಪ್ಪ ಓದ ಕಣವ್ವ" ಅಂತ. ಅದನ್ನು "ನಿನ್ನ ತಂದೆ ತೀರಿಕೊಂಡರು ಮಗಳೇ" ಅಂತ ತಿದ್ದಿದೆ. ಬಹಳ ಚೆನ್ನಾಗಿ ಬಂದಿದೆ ಅನ್ನಿಸಿತು. ನಿಜವಾಗಲೂ ಅನ್ನಿಸಿತು, ಅದೇ ಬೇಜಾರು.

ಫೈಲನ್ನು ಅಕ್ಕನ ಮೊಬೈಲಿಗೆ ಕಳಿಸಿದೆ. ಸಂಜೆ ಫೋನು. "ಏನಪ್ಪಾ ಇದು, ಪೀ ಅಂತದ, ಎ ಅಂತದ, ಪೌಂಡ್ ಅಂತದ! ದುಡ್ಡಿನ ಕತೆ ಬರ್ದಿದ್ದೀಯಾ?" ನಮ್ಮ ಬ್ರಾಂಚಿನವರಿಗೆ ಇದು ಕೂಡಲೇ ಅರ್ಥವಾಗುತ್ತೆ. ನಾನು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಕಣ್ಣಿಗೆ ಅದು ಕನ್ನಡ. ಒಳಗೆ ಶೇಖರವಾಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ಫಾಂಟು ಅದರ ಮೇಲೆ ಕನ್ನಡದ ಆಕಾರ ಹೊದಿಸುತ್ತೆ ಅಷ್ಟೆ. ಸ್ಕ್ರೀನ್ ರೀಡರ್‌ಗೆ ಆಕಾರ ಬೇಡ, ಕೋಡು ಬೇಕು. "ಕನ್ನಡ" ಅನ್ನೋ ಪದದ ನಡುವೆ ಅದಕ್ಕೆ ಸಿಗೋದು ಪೌಂಡಿನ ಗುರುತು. ಯೂನಿಕೋಡಿನಲ್ಲಾದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇರೋದರಿಂದ ಯಂತ್ರ ಸರಿಯಾಗಿ ಓದುತ್ತೆ. ಕನ್ವರ್ಟ್ ಮಾಡಿ ಮತ್ತೆ ಕಳಿಸಿದೆ. ಎಂಥಾ ಉಪಕಾರ ಮಾಡಿದೆ ಅಂತ ಬೀಗಿಕೊಂಡೂ ಇದ್ದೆ.

ಮುಂದಿನ ಭಾನುವಾರ ಅಕ್ಕ ಕೋಣೆಯ ಮಧ್ಯೆ ಮೊಬೈಲಿಟ್ಟು ಎಲ್ಲರಿಗೂ ಕೇಳಿಸಿದರು. ಆ ಯಂತ್ರದ ದನಿಗೆ ಏರಿಲ್ಲ, ಇಳಿವಿಲ್ಲ. ಹಸಿರು ಹೊದ್ದು. ಆನೆಯಂತೆ ಮಲಗಿದ್ದ. ಚಾಮುಂಡಿ ಬೆಟ್ಟವನ್ನು. ಅಲ್ಲಿಗೆ ಅಕ್ಕ ನಿಲ್ಲಿಸಿದರು.

"ಅದ್ಯಾವ ಬೆಟ್ಟ? ನಮ್ಮಪ್ಪ ಬೆಟ್ಟ ಏಳ್ಲಿಲ್ಲ."

ನಾನು ಏನೋ ಹೇಳೋಕೆ ಹೋದೆ. ಓದುಗರಿಗೆ ಚಿತ್ರ ಕಾಣಬೇಕಲ್ವಾ ಅಕ್ಕಾ ಅಂದೆ.

"ನಂಗೆ ಕಾಣದ ಬೆಟ್ಟನ ನನ್ ಕತೇಲಿ ತಂದು ಮಡಗ್ಬುಟ್ಯಲ್ಲಪ್ಪ" ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಚೆಂದಾಗದ. ಆದ್ರೆ ಇದು ನಮ್ಮಪ್ಪ ಅಲ್ಲ. ಇದ್ಯಾರೋ ಮೇಷ್ಟ್ರ ಅಪ್ಪ" ಅಂದು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡರು.

ಮನೆಗೆ ಬಂದು ಊಟ ಸೇರಲಿಲ್ಲ. ಪರೀಕ್ಷೆಯಲ್ಲಿ ತಪ್ಪು ಇಸವಿಯನ್ನು ಮುಟ್ಟದವನು ಇವರಪ್ಪನ ಆನೆಯನ್ನು ಯಾಕೆ ಮುಟ್ಟಿದೆ? ಯೋಚಿಸಿದಷ್ಟೂ ನಾಚಿಕೆ. ಪರೀಕ್ಷೆಯಲ್ಲಿ ನಾನು ಬರೀ ಕೈ ಅಂತ ಗೊತ್ತಿತ್ತು, ನೋಡೋಕೆ ಇನ್ವಿಜಿಲೇಟರ್ ಕೂಡ ಇದ್ದರು. ಇಲ್ಲಿ ನಾನು ಸಹಾಯ ಮಾಡೋಕೆ ಬಂದವನು. ಸಹಾಯ ಮಾಡುವವನಿಗೆ ತನಗೇ ಹೆಚ್ಚು ಗೊತ್ತು ಅನ್ನೋ ಗುಮಾನಿ ಬೇಗ ಬರುತ್ತೆ. ವ್ಯಾಸರಿಗೆ ಗಣಪತಿ ಬರೆದುಕೊಟ್ಟ ಕತೆ ನಮಗೆಲ್ಲ ಗೊತ್ತು. ನಿಲ್ಲಿಸದೆ ಹೇಳಬೇಕು ಅಂತ ಗಣಪತಿಯ ಷರತ್ತು. ಅರ್ಥ ಮಾಡಿಕೊಳ್ಳದೆ ಬರೆಯಬಾರದು ಅಂತ ವ್ಯಾಸರ ಷರತ್ತು. ಚಿಕ್ಕಂದಿನಿಂದ ಮೊದಲನೇ ಷರತ್ತನ್ನೇ ದೊಡ್ಡದು ಅಂದುಕೊಂಡಿದ್ದೆ.

ಇನ್ನೊಂದು ನಾಚಿಕೆ ಭಾಷೆಯದ್ದು. ದೇವನೂರ ಮಹಾದೇವ ಅವರ ಊರು ದೇವನೂರು ಇರೋದು ಇದೇ ನಂಜನಗೂಡು ತಾಲ್ಲೂಕಿನಲ್ಲಿ. ಅವರ 'ಕುಸುಮಬಾಲೆ' ಈ ಸೀಮೆಯ ಮಾತಿನಲ್ಲೇ ಇದೆ, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದು ನಮ್ಮ ಸಂಘದ ಕ್ವಿಜ್‌ನಲ್ಲಿ ಬಂದಾಗ ಮೊದಲು ಕೈ ಎತ್ತಿದವನು ನಾನೇ. ಅದೇ ಕನ್ನಡ ಎದುರಿಗೆ ಕೂತು ಮಾತಾಡಿದಾಗ ಕೆಂಪು ಪೆನ್ನು ತೆಗೆದೆ.

ಮುಂದಿನ ವಾರ ಹೋಗಿ ತಪ್ಪಾಯ್ತು ಅಕ್ಕಾ ಅಂದೆ. "ಸರಿ, ಈ ಸಲ ನಾನೇ ಬರಿತೀನಿ. ನೀನು ಓದ್ಕೊ" ಅಂದರು. ಚೀಲದಿಂದ ಬ್ರೈಲ್ ಸ್ಲೇಟು, ಸ್ಟೈಲಸ್ಸು, ದಪ್ಪ ಕಾಗದ ಹೊರಗೆ ಬಂತು. ಟಕ್ ಟಕ್ ಟಕ್. ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗುತ್ತಾರೆ, ಕಾಗದ ಮಗುಚಿದರೆ ಉಬ್ಬಿದ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಓದಬಹುದು. ಹಾಗಾಗಿ ಬರೆಯುವಾಗ ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ಚುಚ್ಚಬೇಕು.

ಮೈಸೂರಿನಲ್ಲಿ ಕಾಣದ, ಕೇಳದ ಮಕ್ಕಳಿಗಾಗಿ ಶಾಲೆ 1901ರಲ್ಲೇ ಶುರುವಾಗಿತ್ತು. ಬ್ರೈಲ್ ಪುಸ್ತಕ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯವೂ ಇದೇ ಊರಲ್ಲಿದೆ. ಇಷ್ಟು ವರ್ಷ ಅವುಗಳ ಊರಲ್ಲೇ ಓಡಾಡಿಕೊಂಡಿದ್ದ ನನಗೆ ಒಂದು ಚುಕ್ಕಿಯೂ ಗೊತ್ತಿರಲಿಲ್ಲ. ಕಲಿಯೋಕೆ ಕೂತೆ. ಆರು ಚುಕ್ಕಿ, ಅಂದರೆ ಆರು ಬಿಟ್. ಖಾಲಿ ಮನೆಯನ್ನೂ ಸೇರಿಸಿ 64 ಸಾಧ್ಯತೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಭಾರತದ ಭಾಷೆಗಳೆಲ್ಲ ಇದೇ ಆರು ಚುಕ್ಕಿಯನ್ನು ಹಂಚಿಕೊಂಡಿವೆ, ಕನ್ನಡದ ಕ ಮತ್ತು ಹಿಂದಿಯ ಕ ಎರಡಕ್ಕೂ ಚುಕ್ಕಿ ಒಂದೇ. ನನಗೆ ತುಂಬಾ ಹಿಡಿಸಿದ್ದು ಒತ್ತಕ್ಷರ. ನಮ್ಮ ಬರವಣಿಗೆಯಲ್ಲಿ ಒತ್ತು ಕೆಳಗೆ ನೇತಾಡುತ್ತೆ. ಬ್ರೈಲ್‌ನಲ್ಲಿ ಕೆಳಗೆ ಜಾಗವೇ ಇಲ್ಲ. ಅದಕ್ಕೆ ಅರ್ಧಾಕ್ಷರ ಬರುವ ಮುಂಚೆಯೇ ಒಂದು ಚುಕ್ಕಿ ಬಂದು ಸೂಚನೆ ಕೊಡುತ್ತೆ. "ಅಕ್ಕ" ಅಂತ ಬರೆಯಬೇಕಾದರೆ ಅ, ಆ ಸೂಚನೆಯ ಚುಕ್ಕಿ, ಕ, ಮತ್ತೆ ಕ. ನಾನು ಮೊದಲು ಓದಿದ ಪದ ಅದೇ. ಬೆರಳಿನಿಂದಲ್ಲ, ಕಣ್ಣಿನಿಂದ. ನನ್ನ ಬೆರಳಿಗೆ ಇವತ್ತಿಗೂ ಅದೆಲ್ಲ ಒಂದೇ ಮರಳು.

ಅಕ್ಕನ ನಾಲ್ಕು ಹಾಳೆ ಓದಿ ಮುಗಿಸೋಕೆ ನನಗೆ ಮೂರು ವಾರ ಹಿಡಿಯಿತು. ಇಂಟರ್ನಲ್ಸ್ ಮಧ್ಯೆ ಬೇರೆ. ಓದುತ್ತಾ ಹೋದಾಗ ಒಂದು ವಿಷಯ ಕಂಡಿತು. ಅಕ್ಕ ತಾವು ಹೇಳುವ ಕಡೆ "ಹೋದೆ", "ಹೇಳಿದೆ" ಅಂತ ಹಕಾರ ಇಟ್ಟೇ ಬರೆದಿದ್ದರು. ಅಪ್ಪ, ಅವ್ವ ಮಾತಾಡುವ ಕಡೆ ಮಾತ್ರ ಹಕಾರ ಇಲ್ಲ. ಬಾಯಲ್ಲಿ ಹೇಳುವಾಗ ಎಲ್ಲವೂ ಒಂದೇ ಥರ ಕೇಳಿಸಿತ್ತು ನನಗೆ. ಅಂದರೆ ಎಲ್ಲಿ ಶಾಲೆಯ ಕನ್ನಡ, ಎಲ್ಲಿ ಮನೆಯ ಕನ್ನಡ ಅಂತ ಅಕ್ಕ ಮೊದಲೇ ಗೆರೆ ಹಾಕಿಕೊಂಡಿದ್ದರು. ನಾನು ಆ ಗೆರೆಯ ಮೇಲೆ ಲಾರಿ ಓಡಿಸಿದ್ದೆ.

ಒಂದು ಕಡೆ ಮಾತ್ರ ಅನುಮಾನ ಬಂತು. "ಅಕ್ಕಾ, 'ನಿಮ್ಮಪ್ಪ ಓದ' ಅಂತಿದೆಯಲ್ಲ, ಓದುವವರು ಇದನ್ನ ಪುಸ್ತಕ ಓದಿದ ಅಂದ್ಕೊಂಡ್ರೆ?"

ಅಕ್ಕ ನಕ್ಕರು. "ನಮ್ಮಪ್ಪ ಯಾವತ್ತೂ ಓದಲೇ ಇಲ್ಲ ಕನಪ್ಪ. ಒಂದೇ ಸಲ ಓದ." ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು "ಓದ" ಅಂತಲೇ ಟೈಪ್ ಮಾಡಿದೆ. ಯೂನಿಕೋಡಿನಲ್ಲಿ.

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ನನ್ನ ಕಿವಿ ಬದಲಾಯಿತು. ಕಿವಿ ಕೇಳದ ಆ ಹುಡುಗ ಒಂದು ದಿನ "ಅಮ್ಮ ಬಸ್ ನಾನು ಕಾಯು ಮಳೆ" ಅಂತ ಬರೆದು ತೋರಿಸಿದ. ಮೊದಲಾಗಿದ್ದರೆ ವಿಭಕ್ತಿ ಪ್ರತ್ಯಯ ಅಂಟಿಸೋಕೆ ಹೋಗ್ತಿದ್ದೆ. ಆದರೆ ಅವನ ಮೊದಲ ಭಾಷೆ ಸನ್ನೆ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ, ಅದು ಕೈಯಲ್ಲಿ ಆಡುವ ಕನ್ನಡ ಅಲ್ಲ. ಬೇಕಾದರೆ ಹೇಳು ಸೇರಿಸ್ತೀನಿ, ಬೇಡದಿದ್ದರೆ ಹೀಗೇ ಇರಲಿ ಅಂತ ಬರೆದು ಕೇಳಿದೆ. ಅವನು ಯೋಚಿಸಿ "ಮಳೆ"ಯ ಮುಂದೆ ಇನ್ನೂ ಎರಡು ಸಲ ಮಳೆ ಅಂತ ಬರೆದ. ಅಷ್ಟೇ ತಿದ್ದುಪಡಿ. ಅವನ ಅರ್ಜಿ, ರೆಸ್ಯೂಮೆ ಬಂದಾಗ ಮಾತ್ರ ಇಬ್ಬರೂ ಕೂತು ಪ್ರತ್ಯಯ ಎಲ್ಲ ಸರಿಮಾಡ್ತೀವಿ. ಅದು ಅವನಿಗೆ ಕೆಲಸ ಸಿಗೋ ವಿಷಯ. ಕವಿತೆ ಅವನದು.

ನಮ್ಮ ನಾಡಿಗೆ ಇದೇನೂ ಹೊಸದಲ್ಲ. ಗದುಗಿನ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದೆ ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು, ನಾಟಕ ಕಂಪನಿಗೆ ನಾಟಕ ಬರೆದರು. ಅಂಥವರನ್ನು ನೆನೆದು ಕೈ ಮುಗಿಯೋದು ಸುಲಭ. ಪಕ್ಕದಲ್ಲಿ ಕೂತವರು ಹೇಳಿದ ಒಂದು ವಾಕ್ಯವನ್ನು ಮುಟ್ಟದೆ ಬರೆದುಕೊಳ್ಳೋದು ಕಷ್ಟ.

ಕತೆ ಮುಗಿದ ದಿನ ಅಕ್ಕ ಕೇಳಿದರು, "ನೀನು ಕಡಕೊಳದೋನೇ ಅಲ್ವಾ? ಟೇಸನ್ನಲ್ಲಿ ಯಾವತ್ತಾದ್ರೂ ಆನೆ ನೋಡಿದ್ದೀಯಾ?"

ಒಂದು ಕ್ಷಣ ಹೌದು ಅಂದುಬಿಡೋಣ ಅನ್ನಿಸಿತು. "ಇಲ್ಲಕ್ಕಾ" ಅಂದೆ.

"ನಂಗೊತ್ತು. ಹಾಸ್ಟೆಲಲ್ಲಿ ಹೇಳಿ ನಗಾಡಿಸ್ಕೊಂಡಿದ್ದೀನಿ. ಆದ್ರೂ ಆನೆ ಅಲ್ಲೇ ಇರ್ಲಿ. ನಮ್ಮಪ್ಪ ನಿಲ್ಸಿರೋದು."

ಪಾಯಿಂಟ್ಸ್ ಫಾರ್ಮಿನಲ್ಲಿ "ಚಟುವಟಿಕೆಯಿಂದ ಸಮಾಜಕ್ಕಾದ ಪ್ರಯೋಜನ" ಅಂತ ಒಂದು ಕಾಲಂ ಇತ್ತು. ಬಹಳ ಹೊತ್ತು ನೋಡಿ "ಒಬ್ಬರ ಕತೆ ಟೈಪ್ ಮಾಡಿದೆ" ಅಂತ ಬರೆದೆ. ಇದು ಸಾಲದು, ಇನ್ನೂ ಸ್ವಲ್ಪ ಬರಿ ಅಂದರು. ಫೋಟೊ ಬೇಕು ಅಂದರು. ನಮ್ಮ ಹತ್ತಿರ ಫೋಟೊ ಇರಲಿಲ್ಲ. ಪಾಯಿಂಟ್ಸ್ ಇನ್ನೂ ಬಾಕಿ ಇದೆ. ಭಾನುವಾರ ಮಾತ್ರ ತಪ್ಪಿಸ್ತಿಲ್ಲ.

ನೀವು ಯಾವತ್ತಾದರೂ ಚಾಮರಾಜನಗರ ಪ್ಯಾಸೆಂಜರ್ ಹತ್ತಿದರೆ, ಅಶೋಕಪುರಂ ಆದಮೇಲೆ ಕಡಕೊಳ ಬರುತ್ತೆ. ಗಾಡಿ ಸ್ವಲ್ಪವೇ ಹೊತ್ತು ನಿಲ್ಲೋದು. ಕಿಟಕಿಯಾಚೆ ಒಂದು ಸಲ ನೋಡಿ.