ಯಾರ ದೃಶ್ಯ, ಎಷ್ಟನೆಯ ನಿಮಿಷ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ವಿದ್ಯಾರ್ಥಿಗಳು ಬರೆದು ತರುವ ಸಂಪ್ರಬಂಧಗಳಲ್ಲಿ ಈಚೆಗೆ ಒಂದು ಅಡಿಟಿಪ್ಪಣಿ ಹೇರಳ: ‘ಆಧಾರ: ಯೂಟ್ಯೂಬ್’. ‘ಆಧಾರ: ಗ್ರಂಥಾಲಯ’ ಎಂದರೆ ಎಷ್ಟು ತಿಳಿದೀತೋ ಇದರಿಂದಲೂ ಅಷ್ಟೇ.

‘ಸಂಸ್ಕಾರ’ವನ್ನೇ ನೋಡಿ. ಅನಂತಮೂರ್ತಿಯವರ ಕಾದಂಬರಿ 1965ರದು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರ 1970ರದು. ಚಿತ್ರಕಥೆ ಗಿರೀಶ ಕಾರ್ನಾಡರದು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ನರದು. ಚಿತ್ರೀಕರಣ ನಡೆದದ್ದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ನಮ್ಮ ಹುಡುಗರಿಗೆ ಅದು ನೆರೆಯ ಊರು, ಸಲಿಗೆ ಹೆಚ್ಚು. ತೆರೆಯ ಮೇಲೆ ಮಾತಿಲ್ಲದೆ ಸರಿದುಹೋಗುವ ದೃಶ್ಯವೊಂದನ್ನು ವರ್ಣಿಸಿ, ‘ಅನಂತಮೂರ್ತಿಯವರು ಹೀಗೆ ಚಿತ್ರಿಸಿದ್ದಾರೆ’ ಎಂದುಬಿಡುತ್ತಾರೆ. ದುಡಿಮೆ ಒಬ್ಬರದು, ಹೆಸರು ಮತ್ತೊಬ್ಬರಿಗೆ!

ಎಂ.ಎಲ್.ಎ. ಪದ್ಧತಿ (ನಮ್ಮ ಶಾಸಕರಲ್ಲ, ಅಮೆರಿಕೆಯ ಭಾಷಾ ವಿದ್ವಾಂಸರ ಸಂಘದ್ದು) ಸಾಮಾನ್ಯವಾಗಿ ಚಿತ್ರದ ಹೆಸರಿನಿಂದ ಆರಂಭಿಸುತ್ತದೆ, ಎ.ಪಿ.ಎ. ಪದ್ಧತಿ ನಿರ್ದೇಶಕರ ಹೆಸರಿನಿಂದ. ಯಾವುದಾದರೂ ಸರಿ, ಒಂದನ್ನೇ ಹಿಡಿಯಲಿ. ಚಿತ್ರವನ್ನು ಜಾಲಕ್ಕೆ ಏರಿಸಿದಾತ ಅದರ ಕರ್ತೃವಲ್ಲ. ಕಾಗದ ತಂದುಕೊಟ್ಟ ಅಂಚೆಯವನು ಅದನ್ನು ಬರೆದವನಾಗುವನೇ? ಆದರೂ ಅವನ ಹೆಸರು, ಏರಿಸಿದ ದಿನ, ಕೊಂಡಿ ಬೇಕು. ನಾವು ನೋಡಿದ ದಿನವನ್ನೂ ಸೇರಿಸುವುದು ಲೇಸು. ಇಂದಿದ್ದ ಪ್ರತಿ ನಾಳೆ ಮಾಯವಾದೀತು.

ಇನ್ನು ಗಂಟೆ, ನಿಮಿಷ, ಸೆಕೆಂಡು. ಪುಸ್ತಕಕ್ಕೆ ಪುಟವಿದ್ದಂತೆ ಚಿತ್ರಕ್ಕೆ ಇದು. ಒಂದೇ ಚಿತ್ರದ ಒಂದು ಪ್ರತಿಗೆ ಮೊದಲಲ್ಲಿ ಯಾರದೋ ಲಾಂಛನ ಅಂಟಿಕೊಂಡಿರುತ್ತದೆ, ಇನ್ನೊಂದರಲ್ಲಿ ನಡುವಿನ ತುಣುಕೇ ಇರುವುದಿಲ್ಲ. ಆದುದರಿಂದ ನಿಮಿಷ ಯಾವ ಪ್ರತಿಯದೆಂದು ಹೇಳಲೇಬೇಕು. ಓಲೆಗರಿಗಳ ಪಾಠಾಂತರ ಕಂಡ ಕನ್ನಡದ ವಿದ್ಯಾರ್ಥಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ‘ಮಧ್ಯದಲ್ಲೆಲ್ಲೋ ಬರುತ್ತೆ, ಸಾರ್’ ಎಂಬ ಉತ್ತರವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಂಪ್ರಬಂಧ ಮರಳಿ ಅವರ ಕೈಗೇ ಹೋಗುತ್ತದೆ.