ಕಡ್ಡಿ ಅದಾವ, ಆದ್ರ ಕಾಲ್ ಹೋಗವಲ್ದು! (ಟವರ್ ಕಥೆ, ಭಾಗ 4)

ದೋಸ್ತರೇ, ಬೆಳಗಾವಿ ಕೋಟೆ ಕೆರೆ ದಂಡಿ ಮ್ಯಾಲ ನಿಂತು ರೀಲ್ಸ್ ಹಾಕೋರಿಗೆ ಈ ತ್ರಾಸು ಗೊತ್ತಿಲ್ಲ. ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಕಾಡಿನಾಗ ಬರ್ರಿ. ಫೋನಿನ್ಯಾಗ ಎರಡು ಕಡ್ಡಿ ಇರ್ತಾವ, ಕಾಲ್ ಮಾತ್ರ ಹೋಗೂದಿಲ್ಲ. ಯಾಕ?

ಟವರ್ ನಮಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಅನ್ನೋದನ್ನಷ್ಟೇ ಕಡ್ಡಿ ಹೇಳುತ್ತದೆ. ನಮ್ಮ ದನಿ ಟವರಿಗೆ ಕೇಳಿಸಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ನಮ್ಮ 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್. ಅದರ ಮೇಲೆ ಬೆಚ್ಚಗಿರುವ ಕೇಬಲ್, ಫಿಲ್ಟರ್, ಆಂಪ್ಲಿಫೈಯರ್ ಎಲ್ಲದರೊಳಗೂ ಎಲೆಕ್ಟ್ರಾನ್‌ಗಳ ಗದ್ದಲ. ನಮ್ಮ ಸಣ್ಣ ದನಿ ಅದರಲ್ಲೇ ಮುಳುಗುತ್ತದೆ.

ನಮ್ಮ ಕಡೆ ಮಳೆಗಾಲದ ರಾತ್ರಿ ಯಾರಿಗರ ಆರಾಮ ಇಲ್ಲಂದ್ರ, 108ಕ್ಕ ಫೋನ್ ಹಚ್ಚಾಕ ಗುಡ್ಡ ಹತ್ತಬೇಕು. ಹಂಗಾಗಿ ಟವರಿನ ಕಿವಿ ಚುರುಕು ಮಾಡೋ ದಾರಿ ಐತಿ ಅಂತ ಓದಿದಾಗ ನಿದ್ದಿ ಬರಲಿಲ್ಲ.

ದಾರಿ ಇದು: ತಂಪು ಮಾಡೋದು. 1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ಇಳಿಸಿದಾಗ ಅದರ ವಿದ್ಯುತ್ ರೋಧ ಮಾಯವಾಯಿತು. ಅದೇ ಸೂಪರ್‌ಕಂಡಕ್ಟರ್. 1987ರಲ್ಲಿ ಸುಮಾರು ಮೈನಸ್ 180 ಡಿಗ್ರಿಗೇ ಹಾಗಾಗುವ ಸೆರಾಮಿಕ್ ಸಿಕ್ಕಿತು. ಅದರಿಂದ ಮಾಡಿದ ಫಿಲ್ಟರ್ ಪಕ್ಕದ ಬ್ಯಾಂಡಿನ ಕಿರಿಕಿರಿಯನ್ನು ಚೂಪಾಗಿ ಕತ್ತರಿಸುತ್ತದೆ, ನಮ್ಮ ದನಿಯನ್ನು ಹೆಚ್ಚುಕಮ್ಮಿ ಹಾಗೇ ಬಿಡುತ್ತದೆ. ಪಕ್ಕದಲ್ಲೇ ತಂಪಾದ ಆಂಪ್ಲಿಫೈಯರ್. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಸಾವಿರಾರು ಬೇಸ್ ಸ್ಟೇಷನ್‌ಗಳಿಗೆ ಇಂಥ ಪೆಟ್ಟಿಗೆ ಹಾಕಿದರು.

ಹಂಗಾರ ನಮ್ಮ ಟವರಿಗೂ ಹಾಕಬಹುದಲ್ಲ?

ಇಲ್ಲೇ ಒಂದು ತೊಡಕು. ನಾಸಾದ ದೊಡ್ಡ ಡಿಶ್‌ಗಳು ನೋಡುವುದು ತಣ್ಣನೆಯ ಆಕಾಶವನ್ನು. ಅಲ್ಲಿ ತಂಪು ಆಂಪ್ಲಿಫೈಯರ್‌ನಿಂದ ಭಾರೀ ಲಾಭ. ನಮ್ಮ ಟವರ್ ನೋಡುವುದು ಬೆಚ್ಚಗಿನ ನೆಲ, ಗಿಡ, ಗುಡ್ಡವನ್ನು. ಅವೂ ಗದ್ದಲ ಕಳಿಸುತ್ತವೆ. ರಿಸೀವರ್ 3 ಡೆಸಿಬೆಲ್ ಗದ್ದಲ ಸೇರಿಸುತ್ತಿದ್ದರೆ, ಅದನ್ನು ಪೂರ್ತಿ ಅಳಿಸಿದರೂ ಒಟ್ಟು ಗದ್ದಲ ಅರ್ಧವಾದೀತು, ಅಷ್ಟೇ. ಆಂಪ್ಲಿಫೈಯರ್ ಅನ್ನು ಕೆಳಗಿನ ಕೋಣೆಯಿಂದ ಎತ್ತಿ ಆಂಟೆನಾ ಬಾಜೂಕ ಇಟ್ಟರೆ, ತಂಪು ಮಾಡದೇನೇ ಆ ಲಾಭದ ದೊಡ್ಡ ಪಾಲು ಸಿಗುತ್ತದೆ. ಮೇಲಾಗಿ ತಂಪುಯಂತ್ರಕ್ಕೆ ಹಗಲೂ ರಾತ್ರಿ ಕರೆಂಟ್ ಬೇಕು. ಮಳೆಗಾಲದಾಗ ನಮ್ಮಲ್ಲಿ ಮೊದಲು ಹೋಗೂದ ಕರೆಂಟ್!

ಅದಕ್ಕ ನನ್ನ ಲೆಕ್ಕ ಇಷ್ಟು: ಕಾಡಿನ ಊರಿಗೆ ತಂಪಾದ ಕಿವಿಗಿಂತ ಹತ್ತಿರದ ಕಿವಿ ಬೇಕು. ಹತ್ತಿರದ ಟವರ್, ಕರೆಂಟ್ ಹೋದರೂ ತಾಳುವ ಬ್ಯಾಟರಿ. ಮುಂದ ಯಾರರ "ನಿಮ್ಮೂರಾಗ ಎರಡು ಕಡ್ಡಿ ಬರ್ತಾವಲ್ಲ, ಕವರೇಜ್ ಐತಿ" ಅಂದ್ರ ಒಂದೇ ಮಾತು ಕೇಳ್ರಿ: ನಮಗ ಟವರ್ ಕೇಳಸ್ತೈತಿ ಖರೇ, ಟವರಿಗೆ ನಾವು ಕೇಳಸ್ತೀವೇನು?

ನಿಮ್ಮೂರಾಗ ಎಲ್ಲಿ ನಿಂತ್ರ ಕಾಲ್ ಹೋಗ್ತೈತಿ? ಕಾಮೆಂಟ್‌ನ್ಯಾಗ ಬರೀರಿ.

#ಟವರ್_ಕಥೆ #ಖಾನಾಪುರ #ಬೆಳಗಾವಿ